ಕೆಂಪು ಮೋಟಾರಿನ ಪರೀಕ್ಷೆ

ಬಳೆಯ ಸದ್ದು ಮತ್ತೆ ಕೇಳಿಸಿತು. ಈ ಸಲ ಸಂಶಯವಿರಲಿಲ್ಲ. ಅದು ಬೆನ್ನ ಹಿಂದಿನಿಂದಲೇ ಬಂದಿತ್ತು.

ರಾಚಪ್ಪ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ. ಎರಡೇ ಸೀಟಿನ ಮೋಟಾರು. ಪಕ್ಕದಲ್ಲಿ ಅಪ್ಪ ಕಲ್ಯಾಣಪ್ಪ, ರುಮಾಲು ಹಾರದಂತೆ ಒತ್ತಿಕೊಂಡು ಕುಳಿತಿದ್ದ. ಹಿಂದೆ ಇದ್ದದ್ದು ಸಾಮಾನಿನ ಡಿಕ್ಕಿ, ಅದರೊಳಗೆ ಅಪ್ಪನ ಬುತ್ತಿಯ ಗಂಟು. ಬುತ್ತಿಗೆ ಬಳೆ ಎಲ್ಲಿಂದ ಬರಬೇಕು?

“ಅಪ್ಪಾ, ಏನರ ಕೇಳಿಸ್ತೇನ್ರಿ?”

“ಇಂಜಿನ್ ಕೇಳಿಸಾಕತ್ತದ. ಭಾಳ ಚಲೋ ಅದ ನೋಡು.”

ಈ ಮೋಟಾರಿಗಾಗಿ ರಾಚಪ್ಪ ಹಿಡಿದ ಹಟ ಸಣ್ಣದಲ್ಲ. ಸೋಲಾಪುರದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದಬೇಕಾದವನು ಹಗಲೆಲ್ಲ ರಿಪೇರಿ ಅಂಗಡಿಗಳಲ್ಲೇ ಬಿದ್ದಿರುತ್ತಿದ್ದ. ಹಳೆಯ ಮೋಟಾರು ಮಾರುವ ಶಾಂತಪ್ಪನ ಅಂಗಳದಲ್ಲಿ ನಿಂತ ಗಾಡಿಗಳನ್ನೆಲ್ಲ ತಡವಿ ನೋಡಿದ್ದ. ಒಂದು ಹೊಗೆ ಕಾರುತ್ತಿತ್ತು. ಇನ್ನೊಂದು ಮದುವೆ ದಿಬ್ಬಣಕ್ಕೆ ಮಾಡಿಸಿದಂತೆ ಭಾರ. ಈ ಕೆಂಪನೆಯದು ಹಗುರ, ಇಂಜಿನ್ ಗಟ್ಟಿ, ಬಿಡಿಭಾಗ ಊರಲ್ಲೇ ಸಿಗುತ್ತಿದ್ದವು. ಮಡ್‌ಗಾರ್ಡ್ ಕತ್ತರಿಸಬೇಕು, ಮೇಲಿನ ಹೊದಿಕೆ ಕಿತ್ತುಹಾಕಬೇಕು, ಇನ್ನೊಂದು ಕಾರ್ಬ್ಯುರೇಟರ್ ಕೂಡಿಸಬೇಕು, ಪುಣೆಯ ಕಡೆ ಮೋಟಾರು ಪಂದ್ಯಕ್ಕೆ ಒಯ್ಯಬೇಕು. ಹುಡುಗನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಕುರನೂರಿನ ಮನೆಯಲ್ಲಿ ಅವ್ವ ಗುರಮ್ಮ ಅನ್ನನೀರು ಬಿಟ್ಟಿದ್ದಳು. ಇವನೊಬ್ಬನೇ ಮಗ. “ಮೋಟಾರ್ ನಿನ್ನ ಜೀವಾ ತಿಂತದ” ಎಂದು ಅತ್ತು ಕರೆದು, ಕೊನೆಗೆ ಮುನಿಸಿಕೊಂಡು ದುಧನಿಯ ತವರಿಗೆ ಹೋಗಿದ್ದಳೆಂದು ಅಪ್ಪನೇ ಹೇಳಿದ್ದ. ಅಪ್ಪ ಮಾತ್ರ ಹೇಗೋ ಒಪ್ಪಿದ್ದ. ಒಂದೇ ಶರತ್ತು.

“ಎತ್ತು ಕೊಳ್ಳೂಮುಂದ ಹೂಡಿ ನೋಡ್ತೀವಿ. ಇದನ್ನೂ ಅಕ್ಕಲಕೋಟಿ ತನಕ ಹೊಡದು ನೋಡೂಣು. ನಡುವ ಕೈ ಕೊಡಲಿಲ್ಲಂದ್ರ ಗಾಡಿ ನಿಂದು.”

ಮುಂಜಾನೆ ಸೋಲಾಪುರದಲ್ಲಿ ರಾಚಪ್ಪ ಶಾಂತಪ್ಪನ ಜೊತೆ ಪೆಟ್ರೋಲ್ ತರಲು ಹೋಗಿ ಬರುವಷ್ಟರಲ್ಲಿ ಅಪ್ಪ ಬುತ್ತಿ ಇಟ್ಟು ಡಿಕ್ಕಿಗೆ ತಾನೇ ಹಗ್ಗ ಕಟ್ಟಿದ್ದ. ಮುಚ್ಚಳ ಪೂರ್ತಿ ಕೂತಿರಲಿಲ್ಲ. “ಇರ್ಲಿ ಬಿಡು, ಗಾಳಿ ಆಡ್ಲಿ. ಬುತ್ತಿ ಹಳಸ್ತದ” ಎಂದಿದ್ದ.

ವಳಸಂಗ ದಾಟಿತು. ಈಗ ಬಡಿತ. ಡಬ್, ಡಬ್, ಡಬ್. ರಾಚಪ್ಪನ ಸೀಟಿನ ಬೆನ್ನಿಗೇ ಯಾರೋ ಮುಷ್ಟಿಯಿಂದ ಗುದ್ದಿದಂತಾಯಿತು.

“ಈ ಗಾಡಿ ಮೊದಲ ಬೋರಾಮಣಿ ಕಡೆ ಸಾಹುಕಾರಂದು ಇತ್ತಂತ” ಎಂದ ಅಪ್ಪ, ಹೊಲಗಳನ್ನು ನೋಡುತ್ತಲೇ. “ಅವನ ಹೇಣ್ತಿ ಇದ್ರಾಗ ಕುಂತಲ್ಲೇ ಜೀವ ಬಿಟ್ಟಳಂತ. ಮಂದಿ ಏನರ ಅಂತಾರ. ನೀ ತಲಿಗಿ ಹಚ್ಕೋಬ್ಯಾಡ. ನಾವು ಕೊಂಡೇಬಿಡೂಣು.”

ರಾಚಪ್ಪ ಬೇಗ ಊರು ಸೇರಿದರೆ ಸಾಕೆಂದು ವೇಗ ಹೆಚ್ಚಿಸಿದ.

“ಸಾವಕಾಶ ಹೊಡಿಯೋ! ತಗ್ಗದಾವ!” ಅಪ್ಪ ಗಾಬರಿಯಿಂದ ಹಿಂದೆ ನೋಡಿದ. “ಹಿಂದ ಬುತ್ತಿ ಅದ.”

ಅಷ್ಟರಲ್ಲಿ ರಸ್ತೆಗೆ ಒಂದು ಕುರಿಮರಿ ಓಡಿ ಬಂತು. ರಾಚಪ್ಪ ಬ್ರೇಕ್ ಒತ್ತಿದ. ಮೋಟಾರು ಮರಿಯ ಮುಂದೆ ಬಂದು ನಿಂತಿತು. ಭಯವಿದ್ದರೂ ಅವನು ಇಳಿದ. ಮರಿಯನ್ನು ಎತ್ತಿಕೊಂಡು ರಸ್ತೆ ದಂಡೆಯ ಕುರಿ ಹಿಂಡಿನ ಹತ್ತಿರ ಬಿಟ್ಟು, “ಹೋಗೋ ಮಾರಾಯಾ, ನಿಮ್ಮವ್ವ ದಾರಿ ಕಾಯ್ತಿರ್ತಾಳ” ಎಂದ. ಮರಳಿ ಬರುವಾಗ ಮುಚ್ಚಳದ ಕಪ್ಪು ಸಂದಿಯ ಕಡೆ ಕಣ್ಣು ಹೋಯಿತು. ಹಗ್ಗ ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ.

ಆಮೇಲೆ ಬಡಿತ ನಿಂತಿತು. ಬಳೆಯೂ ಸುಮ್ಮನಾಯಿತು. ಪೀಡೆ ಕುರುಬರ ಹಿಂಡಿನ ಜೊತೆ ಇಳಿದು ಹೋಯಿತೇನೋ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸದ್ದು ಬಂತು.

ಅಳು. ಹೆಂಗಸಿನ ಅಳು. ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕುವ ಅಳು.

ಈ ಸಲ ಅಪ್ಪನಿಗೂ ಕೇಳಿಸಿತ್ತು. ಅವನ ಮುಖ ಬಿಳಿಚಿಕೊಂಡಿತು. ಇಷ್ಟು ಹೊತ್ತು ಕಲ್ಲಿನಂತೆ ಕೂತವನೇ ಹೀಗಾದ ಮೇಲೆ ರಾಚಪ್ಪನಿಗೆ ಯಾವ ಧೈರ್ಯ ಉಳಿಯಿತು? ಅಕ್ಕಲಕೋಟೆ ಮುಟ್ಟುವವರೆಗೆ ಅವನು ಹಿಂದೆ ತಿರುಗಲಿಲ್ಲ.

ಮೋಟಾರು ದಾರಿಯಲ್ಲಿ ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ಅಕ್ಕಲಕೋಟೆ ಸ್ವಾಮಿಗಳ ಗುಡಿಯ ಹತ್ತಿರ ಅದನ್ನು ನಿಲ್ಲಿಸಿದವನೇ ರಾಚಪ್ಪ ಜಿಗಿದು ಓಡಿದ. ಗುಡಿಯ ಆಲದ ಮರದ ಕೆಳಗೆ ಅಡ್ಡಬಿದ್ದು ಹಣೆಗೆ ವಿಭೂತಿ ಬಳಿದುಕೊಂಡ.

“ತಪ್ಪಾತು ತಂದೆ! ಇನ್ನ ಈ ಜನ್ಮದಾಗ ಯಾವ ಮೋಟಾರೂ ಹೊಡಿಯೂದಿಲ್ಲ. ನಮ್ಮವ್ವನ ಆಣಿ!”

ಆ ಮರದಡಿ ನಿಂತು ಇಟ್ಟ ಆಣೆಯನ್ನು ಅವರ ಮನೆತನದಲ್ಲಿ ಯಾರೂ ಮುರಿದಿರಲಿಲ್ಲ. ಅದೂ ತಾಯಿಯ ಮೇಲಿನ ಆಣೆ. ಎದೆ ಹಗುರಾಯಿತು, ಆದರೆ ಕೆಂಪು ಮೋಟಾರು ಇನ್ನು ಅವನದಲ್ಲ. ಅಪ್ಪನಿಗೆ ಹೇಳೋಣವೆಂದು ಕಣ್ಣೊರೆಸಿಕೊಂಡು ಹಿಂದಿರುಗಿದ.

ಅಪ್ಪ ಡಿಕ್ಕಿಯ ಹಗ್ಗ ಬಿಚ್ಚುತ್ತಿದ್ದ. ಮುಚ್ಚಳ ಮೇಲೆದ್ದಿತು. ಹಸಿರು ಬಳೆ ತೊಟ್ಟ ಕೈಯೊಂದು ಹೊರಗೆ ಬಂದು ಅಂಚನ್ನು ಹಿಡಿಯಿತು. ರಾಚಪ್ಪ ಅಪ್ಪನ ಹಿಂದೆಯೇ ನಿಂತುಬಿಟ್ಟ.

ಮೈಯೆಲ್ಲ ಧೂಳಾಗಿ, ಕಣ್ಣು ಕೆಂಪಾಗಿ, ಗಂಡನ ಹೆಗಲು ಹಿಡಿದು ಕೆಳಗಿಳಿದವಳು ಗುರಮ್ಮ.

“ಅವನ್ನ ಅಂಜಸಾಕ ಬಡದು ಬಡದು ಕೈ ಬಾತಾವರಿ” ಎಂದಳು ಅವಳು, ಹಿಂದೆ ನಿಂತ ಮಗನನ್ನು ಕಾಣದೆ. “ಆದ್ರ ನನ ಅಂಜಿಕಿ ಹೋತು. ಕುರಿಮರಿ ಸಲುವಾಗಿ ಗಾಡಿ ನಿಂದ್ರಿಸಿದ ಕೂಸು ಜ್ವಾಕಿಲೆ ಹೊಡೀತಾನ. ಆ ಮೋಟಾರ್ ಅವಗ ಕೊಡಿಸೇಬಿಡ್ರಿ.”