ಬಾಯಿಬಿಡಿ

ಬ್ಲಾಗನ್ನು ಯಾರಾದರೂ ಓದಿದರೆ ಸಾಕು, ಬರೆದವರ ಬಾಯಿ ಎಲ್ಲಿದ್ದರೂ ಅದನ್ನು ಗಟ್ಟಿಯಾಗಿ ಹೇಳಿಬಿಡುವ ಕಾಲ. ಬರೆಯುವವರೆಲ್ಲ ಹೊರಗೆ ಹೋಗುವಾಗ ಬಾಯಿಗೆ ಏನಾದರೂ ತುಂಬಿಕೊಳ್ಳುತ್ತಿದ್ದರು. ರಂಜಾನಿನ ಹಗಲಲ್ಲಿ ಝುಬೈದಾಳಿಗೆ ಆ ದಾರಿಯೂ ಇರಲಿಲ್ಲ.

ಹುಬ್ಬಳ್ಳಿಗೆ ಹೊರಟ ಅವಳ ಬಸ್ಸನ್ನು ಕುಂದಾಪುರದಲ್ಲಿ ಪೊಲೀಸನೊಬ್ಬ ಹತ್ತಿದ.

"ಮಂತ್ರಿಗಳನ್ನು ಅಣಕಿಸುವ ಹೆಸರಿಲ್ಲದ ಬ್ಲಾಗೊಂದುಂಟು. ಈಗ ಓದ್ತೇನೆ. ಯಾರ ಬಾಯಿ ಆಡ್ತದೆ ನೋಡುವ."

ಅವನು ಮೊಬೈಲಿನತ್ತ ಬಗ್ಗಿದ. ಝುಬೈದಾಳ ಗಂಟಲಲ್ಲಿ ಮಂತ್ರಿಯ ದಪ್ಪ ದನಿ ಎದ್ದಿತು: ಬಂಧುಗಳೇ, ನನಗೆ ನಿಮ್ಮ ಮತ ಬೇಕು, ನಿಮ್ಮ ಮತ ಬೇಡ!

ತುಟಿ ಕಚ್ಚಿದಳು. ದನಿ ಹಲ್ಲಿಗೆ ಬಂದು ಗುದ್ದಿತು. ಒಂದೋ ಮೌನ ಮುರಿಯಬೇಕು, ಇಲ್ಲವೇ ಉಪವಾಸ. ಇಫ್ತಾರಿಗೆಂದು ತಂದಿದ್ದ ಖರ್ಜೂರಗಳನ್ನು ಬಾಯಿಗೆ ತುರುಕಿಕೊಂಡಳು.

ಪೊಲೀಸ್ ಹೊಟ್ಟೆ ಕುಲುಕಿಸಿ ನಕ್ಕ. "ಭಾರೀ ಬರೆದಿದ್ದಾರೆ ಮಾರಾಯ್ರೆ!"

ಇನ್ನೊಂದು ಸಲ ಓದಿದ. ಝುಬೈದಾಳ ಕೆನ್ನೆ ಉಬ್ಬಿತು. ತಾನು ಇಷ್ಟು ಚೆನ್ನಾಗಿ ಬರೆಯಬಾರದಿತ್ತು ಅನ್ನಿಸಿತು.

ಅವನು ಅವಳ ಸೀಟಿನ ಬಳಿ ನಿಂತ. "ಎಂತ ತಿನ್ನುದು ಅಕ್ಕ? ಉಪವಾಸ ಅಲ್ವಾ ನಿಮಗೆ? ಬಾಯಿಬಿಡಿ."

ಪ್ರಯಾಣದಲ್ಲಿದ್ದವರಿಗೆ ಉಪವಾಸದಿಂದ ವಿನಾಯಿತಿ ಉಂಟು ಎಂಬ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದರ ಹಿಂದೆಯೇ ಮಂತ್ರಿ ಕಾದು ನಿಂತಿದ್ದರು.