ನಾಮಿನಿ

ದುಡಿಯುವವನ ಸೊಂಟನೋವು ಅವನ ನಾಮಿನಿಗೆ ಹೋಗುವ ಕಾಯ್ದೆ ಬಂದಾಗ, ಹಮಾಲ ಫಕ್ಕೀರಪ್ಪ ಗೆಳೆಯರನ್ನು ನಗಿಸಲೆಂದು ಫಾರ್ಮಿನಲ್ಲಿ ಅತ್ತೆಯ ಹೆಸರು ಬರೆದಿದ್ದ. ಆಮೇಲೆ ನಾಚಿಕೆಯಾಯಿತು. ಆದರೂ ಬದಲಿಸಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ.

ಇವತ್ತು ತಳ್ಳುಗಾಡಿ ತರಲು ಬೇಸರವಾಗಿ, ಮೊಣಕಾಲು ಮಡಚದೆ, ಸೊಂಟ ಬಗ್ಗಿಸಿಯೇ ಇಪ್ಪತ್ತು ಶೇಂಗಾ ಚೀಲ ಎತ್ತಿಹಾಕಿದ. ಮೈಗೆ ಏನೂ ಗೊತ್ತಾಗಲಿಲ್ಲ. ಸಿಳ್ಳೆ ಹಾಕುತ್ತ ಮನೆಗೆ ಬಂದ.

ಅತ್ತೆ ಚಾಪೆಯ ಮೇಲೆ ಬೋರಲು ಮಲಗಿದ್ದಳು. ಹೆಂಡತಿ ಬಿಸಿ ಉಪ್ಪಿನ ಗಂಟಿನಿಂದ ಅವಳ ಸೊಂಟಕ್ಕೆ ಶಾಖ ಕೊಡುತ್ತಿದ್ದಳು. ಸಿಳ್ಳೆ ಬಾಯಲ್ಲೇ ನಿಂತಿತು.

"ವಯಸ್ಸಾತಲ್ರಿ ಅಳಿಯಾರ, ಸುಮ್ನ ಕುಂತ್ರೂ ಹಿಡೀತೈತಿ," ಎಂದು ಅತ್ತೆ ಸಂಕೋಚದಿಂದ ಸೆರಗು ಎಳೆದುಕೊಂಡಳು.

ಅತ್ತೆ ತುಸು ಸರಿದು ಚಾಪೆಯ ಮೇಲೆ ಅವನಿಗೆ ಜಾಗ ಮಾಡಿದಳು.

"ನೀವು ದಿನಾ ಭಾರ ಹೊರೋರು. ಬರ್ರಿ, ಉಪ್ಪು ಆರೂದ್ರಾಗ ನಿಮ್ಮ ಸೊಂಟಕ್ಕೂ ಒಂಚೂರು ಶಾಖಾ ತಗೋರಿ."