ಚಿಕ್ಕಮ್ಮ ಬೇಗ ಬಂದ ಮಧ್ಯಾಹ್ನ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಈಗಲೂ ನನಗೆ ಮಧುರೆ ಎಂಬ ಹಳ್ಳಿಯಲ್ಲಿದ್ದ ಅಜ್ಜಿ ಮನೆಯ ಜಗಲಿ, ಅಲ್ಲಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಹೋಗುತ್ತಿದ್ದ ಚಿಕ್ಕಮ್ಮ ಬಸ್ಸಿನ ಅಪಘಾತವೊಂದರಲ್ಲಿ ಬದುಕಿ ಉಳಿದು, ಕೆಲಸ ಬಿಟ್ಟು ಅಜ್ಜಿಯ ಜೊತೆಗಿದ್ದಳು. ಅಂದು ನಾವು ಮೂವರೂ ಕಾಯಿ ಸುಲಿಯುತ್ತಿದ್ದೆವು. ರಸ್ತೆಯಲ್ಲಿ ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕಿತು. ಚಿಕ್ಕಮ್ಮನ ಕೈ ನಿಂತಿತು. ಕಣ್ಣು ತೆರೆದೇ ಇತ್ತು, ಆದರೆ ಕರೆದರೆ ಓಗೊಡಲಿಲ್ಲ.

“ಗಾಳಿ ಸೋಕೈತೆ ಕಣಕ್ಕಾ, ತಾಯತ ಕಟ್ಸು,” ಎಂದಳು ಪಕ್ಕದ ಮನೆಯಾಕೆ.

“ಗಾಳಿ ಗೀಳಿ ಏನೂ ಇಲ್ಲ. ಹಿಂಗಾದಾಗ ಏನ್ಮಾಡ್ಬೇಕು ಅಂತ ಡಾಕ್ಟ್ರು ಹೇಳ್ಕೊಟ್ಟವ್ರೆ,” ಎಂದಳು ಅಜ್ಜಿ. ಅವಳು ಮಗಳನ್ನು ಅಲುಗಾಡಿಸಲಿಲ್ಲ, ಕೂಗಲೂ ಇಲ್ಲ. ಅಂಗೈಗೆ ಒಂದು ಹಿಡಿ ಕಾಯಿ ಇಟ್ಟಳು. “ಪದ್ಮಾ, ಇದು ನಮ್ಮನೆ ಜಗಲಿ. ನಾನು ನಿಮ್ಮಮ್ಮ. ಇಲ್ಲಿ ಬಸ್ಸಿಲ್ಲ. ಕೈಯಾಗೇನೈತೆ ಹೇಳವ್ವ.”

ದನಿ ಏರಿಸದೆ ಅದನ್ನೇ ಮತ್ತೆ ಮತ್ತೆ ಹೇಳಿದಳು. ಬಹಳ ಹೊತ್ತಿನ ಮೇಲೆ ಚಿಕ್ಕಮ್ಮನ ಬೆರಳುಗಳು ಮಡಚಿಕೊಂಡವು.

“ಅವರೆಕಾಯಿ,” ಎಂದಳು. ಆಮೇಲೆ, “ಎಷ್ಟೊತ್ತು ಹೋಗಿದ್ದೆ?”

“ಹೋದ್ಸಲಕ್ಕಿಂತ ಬೇಗ ಬಂದ್ಬಿಟ್ಟೆ ಕಣವ್ವ.”

ಚಿಕ್ಕಮ್ಮ ನನ್ನತ್ತ ತಿರುಗಿ, “ಭಯ ಆಯ್ತಾ, ಮಗಾ?” ಎಂದಳು.

ಇಲ್ಲ ಎಂದೆ. ಅಜ್ಜಿಯ ಸೆರಗನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.